ರಿಸರ್ಚ್ ಪೇಪರ್ ಬರೆಯೋದು ಹೆಂಗೆ: ದಾವಣಗೆರೆ ಮಂಡಕ್ಕಿ ಭಟ್ಟಿ ಸುತ್ತಿ ಸುತ್ತಿ ನಾನು ಕಲ್ತಿದ್ದು

ಎಂ.ಎ. ಎಕನಾಮಿಕ್ಸ್ ಕೊನೇ ಸೆಮಿಸ್ಟರಲ್ಲಿ ನಮಗೆ ರಿಸರ್ಚ್ ಪೇಪರ್ ಇತ್ತು, ಟೈಮು ನಾಲ್ಕು ತಿಂಗಳು, ಅದ್ರಲ್ಲಿ ಮೊದಲನೇ ತಿಂಗಳು ನಾನು ಮಾಡಿದ್ದು ಏನಪ್ಪ ಅಂದ್ರೆ ಟೈಟಲ್ ಪೇಜಿಗೆ ಬಾರ್ಡರ್ ಹಾಕಿದ್ದು, ಅಷ್ಟೇ. ಟೈಟಲ್ಲೂ ಭಾರೀ ಇತ್ತು: ‘ಕರ್ನಾಟಕದ ಅಸಂಘಟಿತ ಕಾರ್ಮಿಕರ ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿಗತಿಗಳು: ಒಂದು ಅಧ್ಯಯನ’. ಗೈಡ್ ಮೇಡಂ ಅದನ್ನ ಓದಿ, ಕನ್ನಡಕ ತೆಗ್ದು, ‘ಬೀದರಿಂದ ಚಾಮರಾಜನಗರದ ತನಕ ಎಲ್ಲಾ ಕಾರ್ಮಿಕರ ಹತ್ರ ಹೋಗ್ಬರ್ತೀಯೇನಪ್ಪಾ, ಬಸ್ ಚಾರ್ಜ್ ಯಾರು ಕೊಡ್ತಾರೆ?’ ಅಂದ್ರು. ಕೆಳಗೆ ನಾನು ಬರ್ದಿದ್ದ ಮೊದಲನೇ ಸಾಲು, ‘ದಾವಣಗೆರೆಯ ಅಸಂಘಟಿತ ಕಾರ್ಮಿಕರ ಸ್ಥಿತಿ ಅತ್ಯಂತ ಶೋಚನೀಯವಾಗಿದೆ’. ಅದರ ಪಕ್ಕ ಪೆನ್ಸಿಲಲ್ಲಿ ಬರೆದ್ರು: ‘ಇದು ನಿಂಗೆ ಹೆಂಗೆ ಗೊತ್ತು?’

ಆಮೇಲೆ ಮೂರು ತಿಂಗಳು ಆ ಪೆನ್ಸಿಲ್ ಸಾಲು ನನ್ನ ಬೆನ್ನು ಬಿಡ್ಲಿಲ್ಲ. ಹೊಸದಾಗಿ ಪೇಪರ್ ಬರೆಯೋಕೆ ಕೂತಿರೋ ತಮ್ಮ ತಂಗಿಯರಿಗೆ ಅಂತ ಇದನ್ನ ಬರೀತಿದೀನಿ. ಸೈನ್ಸ್, ಎಂಜಿನಿಯರಿಂಗ್ ಕಡೆಯವರಿಗೆ ಲ್ಯಾಬ್ ವಿಚಾರ ಬೇರೆ ಇರುತ್ತೆ, ಇದು ಆರ್ಟ್ಸ್, ಕಾಮರ್ಸ್, ಸೋಷಿಯಲ್ ವರ್ಕ್, ಜರ್ನಲಿಸಂನವರಿಗೆ ಹೆಚ್ಚು ಹೊಂದುತ್ತೆ.

ಮೊದ್ಲು ಟಾಪಿಕ್ ಬಿಡಿ, ಪ್ರಶ್ನೆ ಹುಡುಕಿ

ಟಾಪಿಕ್ ಯಾರ್ ಬೇಕಾದ್ರೂ ಕೊಡ್ತಾರೆ. ‘ಮಹಿಳಾ ಸಬಲೀಕರಣ’, ‘ಜಿಎಸ್‌ಟಿ ಪರಿಣಾಮ’, ‘ಆನ್‌ಲೈನ್ ಶಿಕ್ಷಣ’, ಇವೆಲ್ಲ ಟಾಪಿಕ್ಕು. ಇವನ್ನ ಇಟ್ಕೊಂಡು ಕೂತ್ರೆ ಬರೀ ಪೀಠಿಕೆ ಬರುತ್ತೆ, ಪೇಪರ್ ಬರಲ್ಲ. ಪ್ರಶ್ನೆ ಅಂದ್ರೆ ಕೊನೇಲಿ ಪ್ರಶ್ನಾರ್ಥಕ ಚಿಹ್ನೆ ಇರ್ಬೇಕು, ಮತ್ತೆ ಉತ್ತರ ಏನು ಅಂತ ನಿಮಗೆ ನಿಜವಾಗ್ಲೂ ಗೊತ್ತಿರಬಾರ್ದು.

ನನಗೆ ಪ್ರಶ್ನೆ ಸಿಕ್ಕಿದ್ದು ಲೈಬ್ರರೀಲಲ್ಲ. ಸಂಜೆ ಕ್ಲಾಸ್‌ಮೇಟ್ ಒಬ್ಬನ ಜೊತೆ ಖಾರ ಮಂಡಕ್ಕಿ, ಮಿರ್ಚಿ ತಿಂತಾ ನಿಂತಿದ್ದೆ, ಅವರ ಚಿಕ್ಕಪ್ಪಂದು ಮಂಡಕ್ಕಿ ಭಟ್ಟಿ ಇದೆ, ಆವತ್ತು ಮೂರು ದಿನದಿಂದ ಜಿಟಿಜಿಟಿ ಮಳೆ, ಅವನು ಸುಮ್ನೆ ಮಾತಿಗೆ ‘ಮಳೆ ಹಿಡಿದ್ರೆ ಭಟ್ಟಿ ಮಲಗಿಬಿಡುತ್ತೆ ಮಾರಾಯ, ಒಣಗಲ್ಲ’ ಅಂದ. ಯಾಕೆ ಅಂದೆ. ಭತ್ತ ನೆನೆಸಿ, ಬಿಸಿಗೆ ಹಾಕಿ, ಒಣಗಿಸಿ, ಸಿಪ್ಪೆ ತೆಗೆಸಿ, ಆ ಅಕ್ಕಿಗೆ ಉಪ್ಪುನೀರು ಹಿಡಿಸಿ, ಆಮೇಲೆ ಕಾದ ಮರಳಲ್ಲಿ ಹುರಿದ್ರೇನೇ ಅದು ಅರಳಿ ಮಂಡಕ್ಕಿ ಆಗೋದು, ನಡುವೆ ಬಿಸಿಲು ಕೈಕೊಟ್ರೆ ಎಲ್ಲಾ ನಿಂತ್ಕೊಳುತ್ತೆ ಅಂತ ವಿವರಿಸ್ದ. ‘ಅವಾಗ ಕೆಲಸದವ್ರು ಏನ್ ಮಾಡ್ತಾರೆ?’ ಅಂತ ಕೇಳ್ದೆ. ಅವನಿಗೂ ಗೊತ್ತಿರ್ಲಿಲ್ಲ. ಅಲ್ಲೇ ಪ್ರಶ್ನೆ ಹುಟ್ತು: ಮಳೆಗಾಲದಲ್ಲಿ ಕೆಲಸ ಕಮ್ಮಿಯಾದಾಗ ಮಂಡಕ್ಕಿ ಭಟ್ಟಿ ಕೆಲಸಗಾರರ ಮನೆ ಖರ್ಚು ಯಾವುದರಿಂದ ನಡಿಯುತ್ತೆ?

ನಿಮ್ಮ ಪ್ರಶ್ನೆ ಸರಿ ಇದೆಯಾ ಅಂತ ನೋಡೋಕೆ ಮೇಡಂ ನನಗೆ ಕೇಳಿದ್ದನ್ನೇ ಕೇಳ್ಕೊಳ್ಳಿ. ಉತ್ತರ ಗೊತ್ತಿರೋ ಮನುಷ್ಯರ ಹತ್ರ, ಇಲ್ಲಾ ದಾಖಲೆ ಹತ್ರ, ನೀವು ಸಿಟಿ ಬಸ್ಸಲ್ಲಿ ಹೋಗಿ ಬರೋಕೆ ಆಗುತ್ತಾ? ‘ನೀನು ಅನ್ಕೊಂಡಿದ್ದು ತಪ್ಪು’ ಅಂತ ಆ ಉತ್ತರ ಹೇಳೋ ಚಾನ್ಸ್ ಇದೆಯಾ? ಎರಡನೇದು ತುಂಬ ಮುಖ್ಯ. ‘ಶಿಕ್ಷಣದಿಂದ ಮಹಿಳೆಯರಿಗೆ ಅನುಕೂಲ ಆಗುತ್ತಾ’ ಅಂತ ಕೇಳಿದ್ರೆ ಇಲ್ಲ ಅನ್ನೋರು ಯಾರು, ಅದು ಪ್ರಶ್ನೇನೇ ಅಲ್ಲ, ಭಾಷಣ.

ಬೇರೆಯವ್ರು ಏನ್ ಬರ್ದಿದಾರೆ ಅಂತ ಹುಡುಕೋದು

ನಾನು ಸಂಶೋಧನಾ ಲೇಖನ ಹುಡುಕೋ ಗೂಗಲ್ ಸ್ಕಾಲರಲ್ಲಿ ‘ಮಂಡಕ್ಕಿ’ ಅಂತ ಹೊಡೆದೆ, ಏನೂ ಉಪಯೋಗಕ್ಕೆ ಬರೋದು ಸಿಗ್ಲಿಲ್ಲ, ‘ಈ ವಿಷಯದ ಮೇಲೆ ಯಾವುದೇ ಅಧ್ಯಯನ ನಡೆದಿರುವುದಿಲ್ಲ’ ಅಂತ ಖುಷಿಯಿಂದ ಬರ್ದುಬಿಟ್ಟೆ. ಮೇಡಂ ಮತ್ತೆ ಅದೇ ಪೆನ್ಸಿಲ್ಲು, ‘ಹೆಂಗೆ ಗೊತ್ತು?’

ತಪ್ಪು ನನ್ನ ಹುಡುಕೋ ಪದದಲ್ಲಿತ್ತು. ನಮಗೆ ಮಂಡಕ್ಕಿ, ಮೈಸೂರು ಕಡೆಯವ್ರಿಗೆ ಪುರಿ, ಹುಬ್ಬಳ್ಳಿ ಕಡೆ ಚುರುಮುರಿ, ತಮಿಳಲ್ಲಿ ಪೊರಿ, ಹಿಂದೀಲಿ ಮುರಮುರಾ, ಬಂಗಾಳ ಒಡಿಶಾದಲ್ಲಿ ಮುಡಿ, ಇಂಗ್ಲಿಷಲ್ಲಿ ಪಫ್ಡ್ ರೈಸ್. ಇವೆಲ್ಲಾ ಹಾಕಿ ಹುಡುಕಿದ ಮೇಲೆ ಓದೋಕೆ ಸಾಕಷ್ಟು ಸಿಗ್ತು. ಊರಿನ ಹೆಸರೂ ಅಷ್ಟೇ, ದಾವಣಗೆರೆನ ಇಂಗ್ಲಿಷಲ್ಲಿ ಕೆಲವರು ನಡುವೆ ಒಂದು ‘ಎ’ ಹಾಕಿ ಬರೀತಾರೆ, ಕೆಲವರು ಹಾಕಲ್ಲ, ಎರಡೂ ಥರ ಹುಡುಕದಿದ್ರೆ ಅರ್ಧ ಕಳ್ಕೊಂಡಂಗೆ. ಹಾಗಾಗಿ ಹುಡುಕೋಕ್ ಮುಂಚೆ ಒಂದು ಹಾಳೆ ತಗೊಂಡು ನಿಮ್ಮ ವಿಷಯಕ್ಕೆ ಎಷ್ಟು ಹೆಸರಿದಾವೆ ಅಂತ ಮೊದ್ಲು ಬರ್ಕೊಳ್ಳಿ.

ಸ್ಕಾಲರಲ್ಲಿ ಒಂದು ಒಳ್ಳೇ ಲೇಖನ ಸಿಕ್ರೆ ಅದರ ಕೆಳಗೆ ‘ಸೈಟೆಡ್ ಬೈ’ ಅಂತ ಇರುತ್ತೆ, ಅದನ್ನ ಒತ್ತಿ, ಆ ಲೇಖನ ನೋಡಿ ಮುಂದೆ ಬರೆದವರೆಲ್ಲ ಸಿಗ್ತಾರೆ. ಹಿಂದಕ್ಕೆ ಹೋಗೋಕೆ ಆ ಲೇಖನದ ಕೊನೇಲಿರೋ ಪಟ್ಟಿ. ಒಂದು ಎಳೆ ಸಿಕ್ರೆ ಸಾಕು, ಎಳೀತಾ ಹೋಗೋದು. ಪಿಎಚ್‌ಡಿ ಥೀಸಿಸ್ ಬೇಕಂದ್ರೆ ಶೋಧಗಂಗಾ ಇದೆ, ಇನ್‌ಫ್ಲಿಬ್ನೆಟ್ ಅನ್ನೋ ಸರ್ಕಾರಿ ಸಂಸ್ಥೆಯವರ ವೆಬ್‌ಸೈಟು, ಫ್ರೀ, ಕನ್ನಡದಲ್ಲಿ ಬರೆದ ಥೀಸಿಸ್ಸೂ ಸಿಗ್ತಾವೆ, ಒಂದೊಂದು ಚಾಪ್ಟರ್ ಬೇರೆ ಬೇರೆ ಪಿಡಿಎಫ್ ಆಗಿರುತ್ತೆ. ಜೆಸ್ಟೋರ್ ಅಂತ ಜರ್ನಲ್ ಲೇಖನಗಳ ವೆಬ್‌ಸೈಟಿದೆ, ಅದ್ರಲ್ಲಿ ಸುಮ್ನೆ ಒಂದು ಅಕೌಂಟ್ ಮಾಡ್ಕೊಂಡ್ರೆ ತಿಂಗಳಿಗೆ 100 ಲೇಖನ ಆನ್‌ಲೈನಲ್ಲೇ ಓದ್ಬೋದು, ದುಡ್ಡಿಲ್ಲ. ನಿಮ್ಮ ಕಾಲೇಜಿಗೆ ಎನ್-ಲಿಸ್ಟ್, ಅಂದ್ರೆ ಇ-ಜರ್ನಲ್, ಇ-ಪುಸ್ತಕ ಓದೋಕೆ ಕಾಲೇಜುಗಳಿಗೆ ಕೊಡೋ ಸೌಲಭ್ಯ, ಇದೆಯಾ ಅಂತ ಲೈಬ್ರರಿಯನ್ ಹತ್ರ ಕೇಳಿ. ನಮ್ಮಲ್ಲಿ ಇತ್ತು, ಯಾರೂ ಕೇಳ್ದೆ ಪಾಸ್‌ವರ್ಡ್ ಧೂಳು ಹಿಡ್ದಿತ್ತು.

ಈಗ ಅಂಕಿಅಂಶದ ವಿಚಾರ, ಇಲ್ಲಿ ನಮ್ಮೂರವರು ಹೆಚ್ಚು ಎಡವೋದು. ದಾವಣಗೆರೆ ಜಿಲ್ಲೆ ಆಗಿದ್ದೇ 1997ರಲ್ಲಿ. ಅದಕ್ಕಿಂತ ಹಿಂದಿನ ಮಾಹಿತಿ ಬೇಕು ಅಂದ್ರೆ ‘ದಾವಣಗೆರೆ ಜಿಲ್ಲೆ’ ಅಂತ ಎಷ್ಟು ಹುಡುಕಿದ್ರೂ ಸಿಗಲ್ಲ, ದಾವಣಗೆರೆ, ಹರಿಹರ, ಜಗಳೂರು ಎಲ್ಲಾ ಚಿತ್ರದುರ್ಗ ಜಿಲ್ಲೆ ಒಳಗೆ ಕೂತಿರ್ತವೆ. 1967ರ ಚಿತ್ರದುರ್ಗ ಜಿಲ್ಲಾ ಗೆಜೆಟಿಯರ್ ನೋಡಿ, 1991ರ ಸೆನ್ಸಸ್ಸಲ್ಲೂ ಚಿತ್ರದುರ್ಗದ ಪುಸ್ತಕಾನೇ ತೆಗೀಬೇಕು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಲ್ಲಿ. ಹರಪನಹಳ್ಳಿ ಕಥೆ ಇನ್ನೂ ಮಜಾ, ಬಳ್ಳಾರಿಯಿಂದ ದಾವಣಗೆರೆಗೆ ಬಂತು, ವಾಪಸ್ ಬಳ್ಳಾರಿಗೆ ಹೋಯ್ತು, ಈಗ ವಿಜಯನಗರ ಜಿಲ್ಲೆ. 2011ರ ಸೆನ್ಸಸ್ಸಲ್ಲಿ ದಾವಣಗೆರೆ ಜಿಲ್ಲೆ ಜನಸಂಖ್ಯೆ 19,45,497 ಅಂತ ಇದೆ, ಅದ್ರಲ್ಲಿ ಹರಪನಹಳ್ಳಿನೂ ಸೇರಿದೆ. ಅದನ್ನ ಇವತ್ತಿನ ಜಿಲ್ಲೆ ಲೆಕ್ಕದ ಜೊತೆ ಪಕ್ಕಪಕ್ಕ ಇಟ್ಟು ‘ಜನಸಂಖ್ಯೆ ಕಡಿಮೆಯಾಗಿದೆ’ ಅಂತ ಯಾರಾದ್ರೂ ಬರೆದ್ರೆ ನಗೆಪಾಟಲು. ಟೇಬಲ್ ಹಾಕೋಕ್ ಮುಂಚೆ ಆ ವರ್ಷ ಗಡಿ ಎಲ್ಲಿತ್ತು ಅಂತ ನೋಡ್ಕೊಳ್ಳಿ.

ನೋಟ್ಸ್: ಇಲ್ಲಿ ಸೋಮಾರಿತನ ಮಾಡಿದ್ರೆ ಕೊನೇಲಿ ಅಳ್ತೀರ

ನಾನು ಅತ್ತಿದೀನಿ, ಅದಕ್ಕೇ ಹೇಳ್ತಿದೀನಿ. ಒಂದು ಥೀಸಿಸ್ಸಿಂದ ಚೆನ್ನಾಗಿರೋ ಪ್ಯಾರಾ ಒಂದನ್ನ ನೋಟ್‌ಬುಕ್ಕಿಗೆ ಇಳಿಸ್ಕೊಂಡಿದ್ದೆ, ಉದ್ಧರಣ ಚಿಹ್ನೆ ಹಾಕಿಲ್ಲ, ಪುಟ ಸಂಖ್ಯೆ ಬರ್ದಿಲ್ಲ. ಎರಡು ತಿಂಗಳು ಬಿಟ್ಟು ನೋಡಿದ್ರೆ ಅದು ನಂದೇ ವಾಕ್ಯ ಅನ್ಸ್ತು, ಎಷ್ಟು ಚೆನ್ನಾಗಿ ಬರ್ದಿದೀನಲ್ಲ ಅಂತ ಹೆಮ್ಮೆ ಬೇರೆ. ಪ್ಲೇಜಿಯರಿಸಂ ಚೆಕ್ಕಲ್ಲಿ, ಅಂದ್ರೆ ಬೇರೆಯವರ ಬರಹ ಕದ್ದಿದೀವಾ ಅಂತ ಸಾಫ್ಟ್‌ವೇರಲ್ಲಿ ನೋಡೋದ್ರಲ್ಲಿ, ಕೆಂಪಗೆ ಬಂತು.

ಅದಾದ ಮೇಲೆ ನೋಟ್‌ಬುಕ್ಕಿನ ಎಡಗಡೆ ಪುಟ ಅವರದ್ದು, ಬಲಗಡೆ ಪುಟ ನಂದು ಅಂತ ಮಾಡ್ಕೊಂಡೆ. ಎಡಗಡೆ ಅವರ ಮಾತು ಇದ್ದಂಗೇ, ಉದ್ಧರಣ ಚಿಹ್ನೆ ಒಳಗೆ, ಹೆಸರು ವರ್ಷ ಪುಟ ಅಲ್ಲೇ, ಆಗಲೇ. ಬಲಗಡೆ ಅದನ್ನ ಓದಿ ನನಗೆ ಅನ್ಸಿದ್ದು, ಜಗಳ, ಅನುಮಾನ. ಪೇಪರ್ ಬರೆಯುವಾಗ ಬಲಗಡೆಯಿಂದ ಬರೀರಿ, ಎಡಗಡೆಯಿಂದ ಸಾಕ್ಷಿ ತಗೊಳ್ಳಿ.

ಯುನಿವರ್ಸಿಟಿಗಳನ್ನ ನೋಡ್ಕೊಳ್ಳೋ ಯುಜಿಸಿಯವರ 2018ರ ನಿಯಮದ ಪ್ರಕಾರ ಬೇರೆಯವರ ಬರಹದ ಜೊತೆ ಹೋಲಿಕೆ 10 ಪರ್ಸೆಂಟ್ ತನಕ ಇದ್ರೆ ಶಿಕ್ಷೆ ಇಲ್ಲ, 10ರಿಂದ 40 ಇದ್ರೆ ತಿದ್ದಿ ಮತ್ತೆ ಕೊಡಬೇಕು, 40 ದಾಟಿದ್ರೆ ಒಂದು ವರ್ಷ ಸಬ್ಮಿಟ್ ಮಾಡೋ ಹಾಗಿಲ್ಲ, 60 ದಾಟಿದ್ರೆ ರಿಜಿಸ್ಟ್ರೇಷನ್ನೇ ಕ್ಯಾನ್ಸಲ್. ಸರಿಯಾಗಿ ಮೂಲ ಹೇಳಿ ಕೊಟ್ಟ ಉದ್ಧರಣೆ, ಕೊನೇಲಿರೋ ಆಕರ ಪಟ್ಟಿ ಆ ಲೆಕ್ಕಕ್ಕೆ ಬರಲ್ಲ. ಕೆಲವರು ‘10 ಪರ್ಸೆಂಟ್ ಕದೀಬೋದು’ ಅಂತ ಅರ್ಥ ಮಾಡ್ಕೊಂಡಿದಾರೆ, ಹಂಗಲ್ಲ ಮಾರಾಯ್ರೆ. ಇಂಗ್ಲಿಷ್ ಲೇಖನ ಕನ್ನಡಕ್ಕೆ ಮಾಡಿ ಹೆಸರು ಹೇಳ್ದೆ ಹಾಕಿದ್ರೆ ಸಾಫ್ಟ್‌ವೇರಿಗೆ ಸಿಗದೇ ಇರ್ಬೋದು, ಆದ್ರೆ ಅದೂ ಕಳ್ಳತನಾನೇ, ಓದಿರೋ ಎಕ್ಸ್‌ಟರ್ನಲ್ (ಹೊರಗಿನ ಪರೀಕ್ಷಕರು) ಬಂದ್ರೆ ಎರಡು ನಿಮಿಷಕ್ಕೆ ಹಿಡೀತಾರೆ.

ಲ್ಯಾಪ್‌ಟಾಪ್ ಇದ್ರೆ ಜೊಟೆರೊ ಅನ್ನೋ ಸಾಫ್ಟ್‌ವೇರ್ ಹಾಕ್ಕೊಳ್ಳಿ, ಫ್ರೀ. ಆಕರ ಪಟ್ಟಿ ತಾನೇ ಜೋಡಿಸಿ ಕೊಡುತ್ತೆ. ಇಲ್ಲಾಂದ್ರೆ ನೋಟ್‌ಬುಕ್ಕಿನ ಹಿಂದಿನ ಪುಟಗಳೇ ಸಾಕು.

ಫೀಲ್ಡಿಗೆ ಹೋಗೋದು

ಪ್ರಶ್ನಾವಳಿ ಅಂತ 42 ಪ್ರಶ್ನೆ ಟೈಪ್ ಮಾಡ್ಸಿ, ಜೆರಾಕ್ಸ್ ಹಾಕ್ಸಿ, ಟೈ ಒಂದು ಕಟ್ಟಿಲ್ಲ ಅಷ್ಟೇ, ಹೋದೆ. ಮಧ್ಯಾಹ್ನ ಹನ್ನೆರಡಕ್ಕೆ. ನಾನು ಹೋದ ಭಟ್ಟಿಯಲ್ಲಿ ಹುರಿಯೋ ಕೆಲಸ ಬೆಳಗಿನ ಜಾವಾನೇ ಶುರುವಾಗಿ ಬಿಸಿಲೇರೋ ಹೊತ್ತಿಗೆ ಮುಗ್ದಿತ್ತು, ಒಬ್ಬ ಚಾಚಾ ಒಬ್ಬರೇ ಗೋಣಿಚೀಲ ಹೊಲೀತಾ ಕೂತಿದ್ರು. ‘ತಮ್ಮ ಕುಟುಂಬದ ಮಾಸಿಕ ಆದಾಯವೆಷ್ಟು?’ ಅಂತ ಪೇಪರ್ ನೋಡಿ ಓದ್ದೆ. ಅವ್ರು ಸೂಜಿ ನಿಲ್ಸಿ ನನ್ನ ನೋಡಿ, ‘ತಿಂಗ್ಳು ಗಿಂಗ್ಳು ಇಲ್ಲ ತಮ್ಮಾ, ನಮ್ದು ಚೀಲದ ಲೆಕ್ಕ ಐತಿ’ ಅಂದ್ರು. ಎಷ್ಟು ಕೆ.ಜಿ. ಚೀಲ ಅಂದೆ. ಅದಕ್ಕೆ ನಕ್ಕೇಬಿಟ್ರು. ಮಂಡಕ್ಕಿ ಯಾರಾದ್ರೂ ಕೆ.ಜಿ. ಲೆಕ್ಕದಲ್ಲಿ ಕೇಳ್ತಾರಾ, ಸೇರಲ್ಲಿ ಅಳೆಯೋದು.

ಆ 42 ಪ್ರಶ್ನೆ ಅಲ್ಲೇ ಸತ್ತೋಯ್ತು. ರೂಮಿಗೆ ಬಂದು ಹನ್ನೊಂದಕ್ಕೆ ಇಳಿಸ್ದೆ, ಅವರ ಲೆಕ್ಕದಲ್ಲೇ ಬರ್ದೆ. ಹೋದ ವಾರ ಎಷ್ಟು ಚೀಲ ಆಯ್ತು? ಮಳೆ ಹಿಡಿದ ವಾರ ಎಷ್ಟಾಗುತ್ತೆ? ಅವಾಗ ದಿನಸಿ ಅಂಗಡೀಲಿ ಉದ್ರಿ ಬರೆಸ್ತೀರಾ? ಯಜಮಾನ್ರ ಹತ್ರ ಅಡ್ವಾನ್ಸ್ ಕೇಳ್ತೀರಾ? ಅದನ್ನ ಯಾವಾಗ ಮುರ್ಕೊಳ್ತಾರೆ? ಜನ ದಿನಾ ಹೆಂಗೆ ಎಣಿಸ್ತಾರೋ ಹಂಗೇ ಕೇಳಿ, ತಿಂಗಳಿಗೆ ವರ್ಷಕ್ಕೆ ಮಾಡ್ಕೊಳ್ಳೋ ಲೆಕ್ಕ ಮನೇಲಿ ಕೂತು ನೀವು ಮಾಡಿ. ಮತ್ತೆ ಆ ಹನ್ನೊಂದನ್ನೂ ಮೊದ್ಲು ಇಬ್ಬರ ಹತ್ರ ಕೇಳಿ ನೋಡಿ, ಎಲ್ಲಿ ಅವರು ‘ಹಾಂ?’ ಅಂತಾರೋ ಆ ಪ್ರಶ್ನೆ ತಿದ್ದಿ.

ಯಾರ ಮುಂದೆ ಕೇಳ್ತೀರ ಅನ್ನೋದು ಏನು ಕೇಳ್ತೀರ ಅನ್ನೋದಕ್ಕಿಂತ ದೊಡ್ಡದು. ಯಜಮಾನ್ರು ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕೂತಿದ್ದಾಗ ಎಲ್ಲರದ್ದೂ ಒಂದೇ ಉತ್ತರ, ‘ಚಲೋ ಐತ್ರಿ, ಏನೂ ತೊಂದ್ರಿ ಇಲ್ರಿ’. ಅದೇ ಜನ ಸಂಜೆ ಟೀ ಅಂಗಡೀಲಿ ಬೇರೆ ಮಾತು. ಮನೆಗೆ ಹೋದ್ರೆ ಮೂರನೇ ಮಾತು. ಹೆಂಗಸರ ಜೊತೆ ಮಾತಾಡೋಕೆ ನನ್ನೊಬ್ಬನಿಂದ ಆಗ್ಲಿಲ್ಲ, ಬಾಗಿಲಲ್ಲಿ ನಿಂತು ‘ಅವ್ರಿಲ್ಲ, ಆಮೇಲೆ ಬರ್ರಿ’ ಅನ್ನೋರು. ಕ್ಲಾಸಲ್ಲಿ ಉರ್ದು ಚೆನ್ನಾಗಿ ಬರೋ ಗೆಳತಿ ಒಬ್ಳು ಇದ್ಳು, ಅವಳನ್ನ ಕರ್ಕೊಂಡು ಹೋದೆ, ನಾನು ಹೊರಗೆ ಕಟ್ಟೆ ಮೇಲೆ ಕೂತೆ, ಅವಳು ಒಳಗೆ ಕೂತು ಒಂದೂವರೆ ಗಂಟೆ ಮಾತಾಡಿ ಬಂದ್ಳು, ಟೀ ಬಿಸ್ಕತ್ತು ಬೇರೆ. ಈ ವಿಚಾರನ ಮುಚ್ಚಿಡಬೇಡಿ. ಸಂದರ್ಶನ ಯಾವ ಭಾಷೇಲಿ ಆಯ್ತು, ಯಾರು ಕೇಳಿದ್ರು, ಪಕ್ಕದಲ್ಲಿ ಯಾರಿದ್ರು, ಇದನ್ನ ವಿಧಾನದ ಭಾಗದಲ್ಲಿ ಬರೀರಿ. ನಾನು ನಾಚ್ಕೊಂಡು ಬಿಟ್ಟಿದ್ದೆ, ಮೇಡಂ ‘ಇದೇ ಕಣೋ ನಿನ್ನ ಪೇಪರಲ್ಲಿರೋ ಒಳ್ಳೇದು’ ಅಂತ ಹೇಳಿ ಬರೆಸಿದ್ರು.

ಮೊದಲು ಒಪ್ಪಿಗೆ ಕೇಳಿ. ನಾನು ಕಾಲೇಜಿಂದ ಬಂದಿದೀನಿ, ಇದು ಪರೀಕ್ಷೆಗೆ, ಸರ್ಕಾರದ ಸರ್ವೆ ಅಲ್ಲ, ಇದ್ರಿಂದ ಮನೆ, ಸಾಲ, ಕಾರ್ಡು ಏನೂ ಬರಲ್ಲ ಅಂತ ಬಾಯಿಬಿಟ್ಟು ಹೇಳ್ಬೇಕು. ಇಲ್ಲಾಂದ್ರೆ ಸ್ಕೀಮ್ ಬರುತ್ತೆ ಅಂತ ಆಸೆ ಇಟ್ಕೊಂಡು ಆದಾಯ ಕಮ್ಮಿ ಹೇಳ್ತಾರೆ, ತಪ್ಪು ಅವರದ್ದಲ್ಲ. ಪೇಪರಲ್ಲಿ ಹೆಸರು ಹಾಕಬೇಡಿ, ಭ-1, ಭ-2 ಅಂತ ಕೋಡ್ ಕೊಡಿ, ಮನೆ ಗುರ್ತು ಸಿಗೋ ವಿವರಾನೂ ಬೇಡ. ಒಬ್ಬಜ್ಜಿ ನನ್ನ ಕೇಳಿದ್ಲು, ‘ಇದ್ರಿಂದ ನಿಂಗೆ ಮಾರ್ಕ್ ಬರ್ತದೆ, ನಮಗೇನು ಬರ್ತದಪ್ಪಾ?’ ಇವತ್ತಿಗೂ ನನ್ನ ಹತ್ರ ಉತ್ತರ ಇಲ್ಲ.

ರೆಕಾರ್ಡಿಂಗ್ ನಂಬ್ಕೊಬೇಡಿ. ನನ್ನ ಮೊದಲನೇ ರೆಕಾರ್ಡಿಂಗಲ್ಲಿ ನಲವತ್ತು ನಿಮಿಷ ಜರಡಿ ಆಡಿಸೋ ಸದ್ದು ಬಿಟ್ರೆ ಬೇರೇನಿಲ್ಲ. ಆವತ್ತಿನ ಮಾತು ಆವತ್ತೇ ರಾತ್ರಿ ಬರ್ದಿಡೋದು, ಎಷ್ಟೇ ನಿದ್ದೆ ಬಂದ್ರೂ.

ಕೈಗೆ ಬಂದಿದ್ದನ್ನ ಎಷ್ಟಕ್ಕೆ ನಿಲ್ಲಿಸಬೇಕು

ನಾನು ಮಾತಾಡ್ಸಿದ್ದು ಒಟ್ಟು 24 ಮನೆ. ಮಳೆಗಾಲದಲ್ಲಿ ಗಂಡಸರು ಊರ ಕಡೆ ಹೊಲದ ಕೆಲಸಕ್ಕೆ ಹೋಗ್ತಾರೆ, ಹಂಗೆ ಮನೆ ನಡಿಯುತ್ತೆ ಅಂತ ನಾನು ಮೊದಲೇ ಮನಸಲ್ಲಿ ಬರ್ಕೊಂಡಿದ್ದೆ. ಎಷ್ಟೋ ಮನೆಗಳಿಗೆ ಹೋಗೋಕೆ ಊರೇ ಇಲ್ಲ, ಹೊಲಾನೂ ಇಲ್ಲ, ಅಜ್ಜನ ಕಾಲದಿಂದ ಇಲ್ಲೇ. ನಡೆಸ್ತಾ ಇದ್ದಿದ್ದು ಹೆಂಗಸರ ಸಂಘದ ಸಾಲ, ಮತ್ತೆ ಯಜಮಾನ್ರ ಅಡ್ವಾನ್ಸು. ಆ ಅಡ್ವಾನ್ಸಿಂದಾನೇ ಬೇಸಿಗೆಯಲ್ಲಿ ಬೇರೆ ಭಟ್ಟಿಗೆ ಹೋಗೋಕೆ ಆಗ್ತಿರ್ಲಿಲ್ಲ. ನಾನು ಅನ್ಕೊಂಡಿದ್ದು ಬಿದ್ದೋಯ್ತು, ಎರಡು ದಿನ ಬೇಜಾರು, ಮೂರನೇ ದಿನ ಗೊತ್ತಾಯ್ತು ಇದೇ ನನ್ನ ಪೇಪರ್ ಅಂತ.

24 ಮನೆ ಇಟ್ಕೊಂಡು ‘ದಾವಣಗೆರೆಯ ಭಟ್ಟಿ ಕಾರ್ಮಿಕರು’ ಅಂತ ಬರೆಯೋ ಹಾಗಿಲ್ಲ, ‘ಈ ಅಧ್ಯಯನಕ್ಕೆ ಸಿಕ್ಕ 24 ಮನೆಗಳು’ ಅಂತಾನೇ ಬರೀಬೇಕು. ಪರ್ಸೆಂಟೇಜ್ ಕೂಡ ಬೇಡ. 24ರಲ್ಲಿ 15 ಅಂದ್ರೆ ಎಲ್ಲರಿಗೂ ಅರ್ಥ ಆಗುತ್ತೆ, 62.5 ಪರ್ಸೆಂಟ್ ಅಂದ್ರೆ ಏನೋ ಸಾವಿರ ಮನೆ ಸುತ್ತಿ ಬಂದಂಗೆ ಕಾಣುತ್ತೆ. ಬಣ್ಣಬಣ್ಣದ ಪೈ ಚಾರ್ಟಂತೂ ದಯವಿಟ್ಟು ಬೇಡ.

ಬರೆಯೋದು, ಹಿಂದಿನಿಂದ ಮುಂದಕ್ಕೆ

ಪೀಠಿಕೆಯಿಂದ ಶುರು ಮಾಡಿದ್ರೆ ಪೀಠಿಕೆಯಲ್ಲೇ ಮುಗೀತೀರ. ನಾನು ಮೊದ್ಲು ವಿಧಾನ ಬರ್ದೆ, ಯಾಕಂದ್ರೆ ಅದು ನಾನು ಮಾಡಿದ್ದು, ಯೋಚಿಸೋದು ಏನಿಲ್ಲ. ಆಮೇಲೆ ಸಿಕ್ಕಿದ್ದು ಏನು ಅಂತ. ಆಮೇಲೆ ಬೇರೆಯವ್ರು ಹೇಳಿದ್ದಕ್ಕೂ ನನಗೆ ಸಿಕ್ಕಿದ್ದಕ್ಕೂ ಎಲ್ಲಿ ಹೊಂದುತ್ತೆ ಎಲ್ಲಿ ಹೊಂದಲ್ಲ. ಪೀಠಿಕೆ ಅದಾದ ಮೇಲೆ, ಅದೂ ಒಂದೂವರೆ ಪುಟ, ‘ಮಾನವನು ಸಂಘಜೀವಿ’ಯಿಂದ ಶುರು ಮಾಡ್ಬೇಡಿ. ಸಾರಾಂಶ ಎಲ್ಲಕ್ಕಿಂತ ಕೊನೆಗೆ. ಅದ್ರಲ್ಲಿ ಪ್ರಶ್ನೆ, ಯಾರನ್ನ ಹೆಂಗೆ ಕೇಳ್ದೆ, ಏನ್ ಸಿಕ್ತು, ಇಷ್ಟೇ.

ಪ್ರತಿ ಪ್ಯಾರಾ ಮುಗಿದ ಮೇಲೆ ಆ ಪೆನ್ಸಿಲ್ ಪ್ರಶ್ನೆ ಕೇಳ್ಕೊಳ್ಳಿ. ಉತ್ತರ ‘ಒಬ್ಬರು ಬರ್ದಿದಾರೆ’ ಆದ್ರೆ ಅವರ ಹೆಸರು ಅಲ್ಲೇ ಬರ್ಬೇಕು. ‘ನಾನೇ ಕೇಳ್ದೆ’ ಆದ್ರೆ ಭ-7 ಅಂತ ಬರ್ಬೇಕು. ‘ಎಲ್ಲರಿಗೂ ಗೊತ್ತು ಬಿಡಿ’ ಆದ್ರೆ ಆ ಸಾಲು ಹೊಡೆದು ಹಾಕಿ. ‘ಶೋಚನೀಯ’, ‘ಗಣನೀಯ’, ‘ಬಹುಮುಖ್ಯ ಪಾತ್ರ ವಹಿಸುತ್ತದೆ’, ಹಿಂಗೆ ಮೂರು ಪುಟ ಹೋಯ್ತು ನಂದು, ಓದೋಕೆ ಹಗುರ ಆಯ್ತು.

ಆಕರ ಪಟ್ಟಿ ಬರೆಯೋಕೆ ಎಪಿಎ ಅಂತ ಒಂದು ಸ್ಟೈಲ್ ಇದೆ, ಅದ್ರಲ್ಲಿ ನಮ್ಮ ಹೆಸರುಗಳದ್ದೊಂದು ತಲೆನೋವು. ಅವರು ಸರ್‌ನೇಮ್ ಮೊದ್ಲು ಬರೀರಿ ಅಂತಾರೆ, ನಮ್ಮ ಕಡೆ ಹೆಸರಿನ ಮುಂದೆ ಇರೋದು ಊರಿಂದೋ ಅಪ್ಪಂದೋ ಇನಿಷಿಯಲ್. ಬಸವರಾಜ ಕೆ. ಅನ್ನೋರಿಗೆ ‘ಕೆ’ ಸರ್‌ನೇಮ್ ಅಂತ ಹಾಕಿದ್ರೆ ಪಟ್ಟಿ ಎಲ್ಲಾ ಅಡ್ಡಾದಿಡ್ಡಿ. ಅವರನ್ನ ಯಾವ ಹೆಸರಿಂದ ಕರೀತಾರೋ ಅದನ್ನ ಮುಂದೆ ಹಾಕಿ, ಪೂರ್ತಿ ಪೇಪರಲ್ಲಿ ಒಂದೇ ಥರ ಇರ್ಲಿ.

ಡಿಟಿಪಿ, ನುಡಿ, ಮತ್ತೆ ರಾತ್ರಿ ಹನ್ನೊಂದು ಗಂಟೆ

ಕನ್ನಡದಲ್ಲಿ ಬರೆಯೋರು ಇದನ್ನ ಎರಡು ಸಲ ಓದಿ. ನಾನು ಮೊಬೈಲಲ್ಲಿ ಯುನಿಕೋಡಲ್ಲಿ ಟೈಪ್ ಮಾಡಿದ್ದೆ, ಡಿಟಿಪಿ ಅಣ್ಣ ಹಳೇ ನುಡಿ ಫಾಂಟಲ್ಲಿ ಕೆಲಸ ಮಾಡೋರು, ಕನ್ವರ್ಟ್ ಮಾಡಿದಾಗ ಒತ್ತಕ್ಷರ ಅರ್ಕಾವತ್ತು ಅಲ್ಲಲ್ಲಿ ಹಾರ್ಹೋಗಿದ್ವು, ಆಮೇಲೆ ಆ ಫೈಲ್ ಕಾಲೇಜ್ ಕಂಪ್ಯೂಟರಲ್ಲಿ ತೆಗೆದ್ರೆ ಕನ್ನಡಾನೇ ಇಲ್ಲ, ಬರೀ ಇಂಗ್ಲಿಷ್ ಅಕ್ಷರದ ಚಿತ್ರಾನ್ನ. ಮೊದಲಿಂದ ಕೊನೇ ತನಕ ಯುನಿಕೋಡಲ್ಲೇ ಇರಿ, ಪ್ರಿಂಟಿಗೆ ಕೊಡೋದು ಪಿಡಿಎಫ್ ಮಾತ್ರ. ಸಬ್ಮಿಶನ್ ಹಿಂದಿನ ದಿನ ಊರಲ್ಲಿರೋ ಎಲ್ಲಾ ಬೈಂಡಿಂಗ್ ಅಂಗಡಿ ಮುಂದೆ ಕ್ಯೂ ಇರುತ್ತೆ, ಮೂರು ದಿನ ಮುಂಚೆ ಹೋಗಿ.

ಚಾಟ್‌ಜಿಪಿಟಿ ಬಗ್ಗೆ ಎಲ್ಲರೂ ಕೇಳ್ತಾರೆ. ವಾಕ್ಯ ತಿದ್ದೋಕೆ, ಇಂಗ್ಲಿಷ್ ಲೇಖನ ಅರ್ಥ ಮಾಡ್ಕೊಳ್ಳೋಕೆ ನಾನೂ ಬಳಸಿದೀನಿ. ಆದ್ರೆ ಆಕರ ಕೇಳ್ಬೇಡಿ. ನಮ್ಮ ಕ್ಲಾಸ್‌ಮೇಟ್ ಒಬ್ಬ ಕೇಳಿ ಹತ್ತು ಪುಸ್ತಕ ಹಾಕಿದ್ದ, ಲೇಖಕರ ಹೆಸರು, ವರ್ಷ, ಪುಟ ಎಲ್ಲಾ ಇತ್ತು, ಗೈಡ್ ಹುಡುಕಿದ್ರೆ ಆರು ಪುಸ್ತಕ ಈ ಭೂಮಿ ಮೇಲೇ ಇಲ್ಲ.

ಇನ್ನು ‘1500 ರೂಪಾಯಿ ಕೊಡಿ, ಮೂರು ದಿನದಲ್ಲಿ ಇಂಟರ್‌ನ್ಯಾಷನಲ್ ಜರ್ನಲಲ್ಲಿ ಪಬ್ಲಿಷ್’ ಅಂತ ವಾಟ್ಸಾಪ್ ಮೆಸೇಜ್ ಬರುತ್ತೆ, ಡಿಲೀಟ್ ಮಾಡಿ. ಮೊದಲು ಯುಜಿಸಿ-ಕೇರ್ ಅಂತ ಒಪ್ಪಿಗೆ ಇರೋ ಜರ್ನಲ್‌ಗಳ ಒಂದು ಪಟ್ಟಿ ಇತ್ತು, 2025ರ ಫೆಬ್ರವರಿಯಲ್ಲಿ ಅದನ್ನ ಯುಜಿಸಿನೇ ನಿಲ್ಲಿಸ್ತು, ಈಗ್ಲೂ ಅದರ ಹೆಸರು ಹೇಳ್ಕೊಂಡು ದುಡ್ಡು ಕೇಳೋರಿದಾರೆ. ಓದಿ ತಿದ್ದೋಕೆ ಟೈಮ್ ತಗೊಳ್ದೇ ಇರೋ ಜರ್ನಲ್ ಓದ್ತಾನೇ ಇಲ್ಲ ಅಂತ ಅರ್ಥ.

ವೈವಾ

ಪಿಪಿಟಿ ಹತ್ತು ಸ್ಲೈಡ್ ಸಾಕು. ಫೀಲ್ಡ್ ನೋಟ್‌ಬುಕ್ ಒಯ್ಯಿರಿ, ಎಣ್ಣೆ ಕಲೆ ಆಗಿದ್ರೂ ಪರ್ವಾಗಿಲ್ಲ. ನಂದು ಹೆಂಗೋ ಆಗ್ಲಿ ಅಂತ ಟೇಬಲ್ ಮೇಲೆ ಇಟ್ಟಿದ್ದೆ, ಎಕ್ಸ್‌ಟರ್ನಲ್ ಬಂದವರು ಬೈಂಡ್ ಮಾಡಿದ ಪೇಪರ್ ಪಕ್ಕಕ್ಕೆ ಸರ್ಸಿ ಅದನ್ನೇ ತಗೊಂಡು ತಿರುವಿ ಹಾಕಿದ್ರು, ಇಪ್ಪತ್ತು ನಿಮಿಷ. ಒಂದು ಪುಟದಲ್ಲಿ ನಿಂತು, ‘ಇಲ್ಲಿ ಚೀಲ ಅಂತ ಬರ್ದಿದೀಯ, ಭ-3ರ ಚೀಲಾನೂ ಭ-9ರ ಚೀಲಾನೂ ಒಂದೇ ಅಳತೆನಾ?’ ಅಂದ್ರು. ಅಲ್ಲ ಸರ್, ಬೇರೆ ಬೇರೆ ಭಟ್ಟಿದು, ಅಳತೆ ಬೇರೆ ಇರ್ಬೋದು, ನಾನು ಕೇಳ್ಲಿಲ್ಲ ಅಂದೆ. ಅದನ್ನ ಪೇಪರಲ್ಲಿ ಎಲ್ಲಿ ಹೇಳಿದೀಯ ಅಂದ್ರು. ಹೇಳಿರ್ಲಿಲ್ಲ. ಅಲ್ಲಿ ಹೋಯ್ತು ನಂದು ನಾಲ್ಕೈದು ಮಾರ್ಕ್ಸ್. ನೀವು ಮಿತಿಗಳು ಅಂತ ಒಂದು ಭಾಗ ಬರೀತೀರಲ್ಲ, ಅದ್ರಲ್ಲಿ ‘ಸಮಯದ ಅಭಾವ’ ಅಂತ ಹಾಕಿ ಮುಗಿಸ್ಬೇಡಿ, ಚೀಲದ ಅಳತೆ ಕೇಳ್ಲಿಲ್ಲ ಅನ್ನೋ ಥರದ್ದೇ ಹಾಕಿ.